ಆಷಾಢದಲ್ಲಿ ನೋಡಬೇಕಾದ ವಾರ್ಡು: ಶಿರಸಿ ಸೀಮೆಯ ಹತ್ತು ಹಾಸಿಗೆಯ ಅಂಟುರೋಗ ವಿಭಾಗದ ವಿಮರ್ಶೆ

ಶಿರಸಿ ಸೀಮೆಯ ಒಂದು ಟ್ರಸ್ಟ್ ಆಸ್ಪತ್ರೆಯ ಹಿತ್ತಲ ಕಡೆ, ಮುಖ್ಯ ಕಟ್ಟಡದಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಅಂಟುರೋಗಗಳಿಗೆಂದೇ ಹತ್ತು ಹಾಸಿಗೆಯ ವಿಭಾಗ ಇದೆ. ನಾಲ್ಕು ಒಂಟಿ ಕೋಣೆ, ಆರು ಹಾಸಿಗೆಯ ಒಂದು ಹಾಲ್, ನಡುವೆ ಸಿಸ್ಟರ್‌ಗಳ ಮೇಜು. ಊರವರು ಜ್ವರದ ವಾರ್ಡು ಅನ್ನುತ್ತಾರೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಇಂಥ ಯಾವ ವಾರ್ಡಿಗೂ ಒಳ್ಳೆಯ ಅಂಕ ಬೀಳುತ್ತದೆ. ಆಷಾಢದಲ್ಲಿ ನೋಡಬೇಕು: ಗೋಡೆ ಬೆವರುವಾಗ, ಬಟ್ಟೆ ಒಣಗದಿರುವಾಗ, ಮರ ಬಿದ್ದು ಹೋದ ಕರೆಂಟ್ ಮರುದಿನ ಬರುವಾಗ. ಜೂನ್‌ನಿಂದ ಫೆಬ್ರವರಿವರೆಗೆ ಅಲ್ಲಿ ನಡೆದ ಕೆಲಸ ನೋಡಿ ಇದನ್ನು ಬರೆಯಲಾಗಿದೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಾಳಿಯ ವಿಷಯದಲ್ಲಿ ಈ ವಿಭಾಗ ಬಹಳ ಚೆನ್ನಾಗಿದೆ. ರೋಗಿಗಳನ್ನು ವಿಂಗಡಿಸುವುದರಲ್ಲಿ ಅರ್ಧ ದಾರಿ ನಡೆದಿದೆ. ಬ್ಲೀಚಿಂಗ್ ಪುಡಿಯ ವಿಷಯದಲ್ಲಿ ಸೋತಿದೆ.

ಗಾಳಿಯಿಂದ ಶುರು ಮಾಡೋಣ. ಕಟ್ಟಿದವರಿಗೆ ಈ ಕಡೆಯ ಹಳೆಯ ಮನೆಗಳ ತಿಳಿವಳಿಕೆ ಇತ್ತು. ಹಂಚಿನ ಮಾಡು, ಗೋಡೆಯಿಂದ ನಾಲ್ಕು ಅಡಿ ಹೊರಚಾಚಿದ ಸೂರು, ಪ್ರತಿ ಕೋಣೆಗೂ ಪಶ್ಚಿಮಕ್ಕೊಂದು ಪೂರ್ವಕ್ಕೊಂದು ಎದುರುಬದುರು ಕಿಟಕಿ. ಸೂರಿನ ಅಗಲ ಅಲಂಕಾರದ ವಿಷಯವಲ್ಲ. ಸೂರು ಗಿಡ್ಡವಾದರೆ ಎರಚಲು ಒಳಬರುತ್ತದೆ, ರೋಗಿ ಕಿಟಕಿ ಮುಚ್ಚುತ್ತಾನೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕ್ಷಯದ ಅಥವಾ ದಡಾರದ ರೋಗಿಯ ಉಸಿರು ಅಲ್ಲಲ್ಲೇ ಸುತ್ತುತ್ತದೆ. ಒಳಗೆ ಕಾಲಿಟ್ಟ ಸಿಸ್ಟರ್ ಅದನ್ನೇ ಉಸಿರಾಡಬೇಕು.

ಎಷ್ಟು ಗಾಳಿ ಸಾಕು ಎಂಬುದಕ್ಕೆ ಅಳತೆ ಇದೆ. ಗಾಳಿಯಲ್ಲಿ ಹರಡುವ ರೋಗದ ಕೋಣೆಗೆ, ನೈಸರ್ಗಿಕ ಗಾಳಿಯಾದರೆ, ಒಬ್ಬ ರೋಗಿಗೆ ಸೆಕೆಂಡಿಗೆ 160 ಲೀಟರ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದೆ. ಸಾಮಾನ್ಯ ವಾರ್ಡಿಗೆ 60. ಲೆಕ್ಕ ಹಾಕುವುದು ಹೀಗೆ: ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರ್‌ನಲ್ಲಿ, ಎರಡು ಕಿಟಕಿಗಳಲ್ಲಿ ಚಿಕ್ಕದರ ತೆರೆದ ಭಾಗವನ್ನು ಚದರ ಮೀಟರ್‌ನಲ್ಲಿ ತೆಗೆದುಕೊಂಡು ಗುಣಿಸಿ, ಬಂದದ್ದನ್ನು 0.65ರಿಂದ, ಆಮೇಲೆ 1000ದಿಂದ ಗುಣಿಸುವುದು. ಇಲ್ಲಿನ ಕೋಣೆಯಲ್ಲಿ ತೆರೆದ ಭಾಗ ಒಂದು ಚದರ ಮೀಟರ್. ಎಲೆಯೂ ಅಲ್ಲಾಡದಷ್ಟು ಮೆಲ್ಲನೆಯ, ಅಂದರೆ ಸೆಕೆಂಡಿಗೆ ಅರ್ಧ ಮೀಟರ್ ವೇಗದ ಗಾಳಿಗೂ 325 ಲೀಟರ್ ಸಿಗುತ್ತದೆ. ಬೇಕಾದ್ದರ ಎರಡು ಪಟ್ಟು. ಒಂದು ಕಡೆಯ ಕಿಟಕಿ ಹಾಕಿದರೆ ಈ ಲೆಕ್ಕವೇ ಬಿದ್ದುಹೋಗುತ್ತದೆ, ಏಕೆಂದರೆ ಬಂದ ಗಾಳಿಗೆ ಹೋಗಲು ದಾರಿ ಇರುವುದಿಲ್ಲ. ಸೊಳ್ಳೆ ಜಾಲರಿಯೂ ಗಾಳಿಯನ್ನು ತಡೆಯುತ್ತದೆ, ಅದರ ಮೇಲೆ ಧೂಳು ಕೂತರೆ ಇನ್ನಷ್ಟು. ಡೆಂಗಿ ಬರುವ ಊರಿನಲ್ಲಿ ಜಾಲರಿ ತೆಗೆಯುವಂತಿಲ್ಲ, ಹಾಗಾಗಿ ವಾರಕ್ಕೊಮ್ಮೆ ತೊಳೆಯಬೇಕು. ಇಲ್ಲಿ ಬಿಚ್ಚಿ ತೊಳೆಯುವಂತೆ ಚೌಕಟ್ಟು ಮಾಡಿಸಿದ್ದಾರೆ. ಒಳ್ಳೆಯ ಕೆಲಸ.

ಗಾಳಿಯೇ ಇಲ್ಲದ ದಿನಗಳಿಗೆಂದು ಎರಡು ಕೋಣೆಗಳಿಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಕೋಣೆ 3.5 ಮೀಟರ್ ಅಗಲ, 4 ಮೀಟರ್ ಉದ್ದ, 3.5 ಮೀಟರ್ ಎತ್ತರ. ಒಳಗಿನ ಜಾಗ 49 ಘನ ಮೀಟರ್. ಗಂಟೆಗೆ 12 ಸಲ ಗಾಳಿ ಬದಲಾಗಬೇಕಾದರೆ ಫ್ಯಾನ್ ಗಂಟೆಗೆ 588 ಘನ ಮೀಟರ್ ಎಳೆಯಬೇಕು. ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆಯನ್ನು ನಂಬಿ ಸರಿಯಾಗಿ ಅಷ್ಟನ್ನೇ ಕೊಂಡರೆ ಜಾಲರಿ, ಮಳೆತಡೆ, ಕಡಿಮೆ ವೋಲ್ಟೇಜ್ ಸೇರಿ ಕೆಲಸ ಕೆಡಿಸುತ್ತವೆ. ಹೆಚ್ಚುಕಡಿಮೆ ಎರಡರಷ್ಟು ಶಕ್ತಿಯದನ್ನು ಕೊಳ್ಳಬೇಕು. ಕೆಲಸ ಮಾಡುತ್ತಿದೆಯೇ ಎಂದು ನೋಡಲು ಯಂತ್ರ ಬೇಡ. ಬಾಗಿಲು ಹಾಕಿ, ಹೊರಗಡೆ ಬಾಗಿಲ ಕೆಳಸಂದಿನ ಹತ್ತಿರ ಊದುಬತ್ತಿ ಹಿಡಿದರೆ ಹೊಗೆ ಕೋಣೆಯ ಒಳಕ್ಕೆ ಹೋಗಬೇಕು. ನೇರ ಮೇಲಕ್ಕೆ ಹೋದರೆ ಒಳಗೆ ಎಳೆತ ಇಲ್ಲ, ಓಣಿಯ ಕಡೆಗೆ ತಿರುಗಿದರೆ ಕೋಣೆಯ ಗಾಳಿ ಓಣಿಗೆ ಬರುತ್ತಿದೆ ಎಂದರ್ಥ. ಇಲ್ಲಿ ಪ್ರತಿದಿನ ಬೆಳಿಗ್ಗೆ ಹೀಗೆ ನೋಡಿ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ನೆಗೆಟಿವ್ ಪ್ರೆಶರ್ (ಗಾಳಿಯನ್ನು ಒಳಕ್ಕೇ ಎಳೆಯುವ ಕೋಣೆ) ಎಂಬ ಬೋರ್ಡ್ ಹಾಕಿ ಸುಮ್ಮನಿರುವುದಕ್ಕಿಂತ ಈ ಊದುಬತ್ತಿಗೆ ಬೆಲೆ ಹೆಚ್ಚು. ಫ್ಯಾನ್ ಗಾಳಿ ಬಿಡುವ ಕಡೆ ಜನ ಓಡಾಡುವ ಜಾಗವಿಲ್ಲ, ಬೇಣ (ಹುಲ್ಲು ಬೆಳೆಯುವ ಬಯಲು) ಇದೆ, ಅದೂ ಸರಿ.

ರೋಗಿ ಮನೆಗೆ ಹೋದ ಕೂಡಲೇ ಆಯಾ ಒಳಹೋಗಿ ಗುಡಿಸುವುದು ಹಲವೆಡೆ ಕಾಣುವ ತಪ್ಪು. ಗಂಟೆಗೆ 12 ಸಲ ಗಾಳಿ ಬದಲಾಗುವ ಕೋಣೆಯಲ್ಲೂ ತೇಲುವ ಕಣಗಳಲ್ಲಿ ಶೇ 99ರಷ್ಟು ಹೋಗಲು 23 ನಿಮಿಷ, ಶೇ 99.9ರಷ್ಟು ಹೋಗಲು 35 ನಿಮಿಷ ಬೇಕು. 6 ಸಲ ಬದಲಾಗುವ ಕೋಣೆಯಲ್ಲಿ ಅದು 46 ಮತ್ತು 69 ನಿಮಿಷ. ಇಲ್ಲಿ ಒಂದು ಗಂಟೆ ಬಾಗಿಲು ಹಾಕಿ, ಕಿಟಕಿ ತೆರೆದಿಟ್ಟು, ಆಮೇಲೆ ಎನ್-95 ಹಾಕಿಕೊಂಡು ಒಳಹೋಗುತ್ತಾರೆ.

ಇನ್ನು ವಿಂಗಡಣೆ. ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು: ಎಲ್ಲ ಜ್ವರಕ್ಕೂ ಒಂದೇ ಅಳತೆಯ ಐಸೊಲೇಶನ್ ಹೊಲಿಯಬಾರದು. ಜನವರಿಯಲ್ಲಿ ಸಿದ್ದಾಪುರ, ಹೊನ್ನಾವರ ಕಡೆಯಿಂದ ಮಂಗನ ಕಾಯಿಲೆಯ ರೋಗಿಗಳು ಬಂದಾಗ ಇಲ್ಲಿ ಅವರನ್ನು ಎಕ್ಸಾಸ್ಟ್ ಇರುವ ಒಂಟಿ ಕೋಣೆಗೆ ಹಾಕಿದರು. ಅದೇ ವಾರ ಸೀತಾಳೆ ಸಿಡುಬಿನ ರೋಗಿ ಆರು ಹಾಸಿಗೆಯ ಹಾಲ್‌ನಲ್ಲಿ ಮಲಗಿದ್ದರು. ಪೂರ್ತಿ ತಿರುವುಮುರುವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ ದಾಖಲೆ ಇಲ್ಲ. ಆ ರೋಗಿಗೆ ಬೇಕಾದ್ದು ಸಿಸ್ಟರ್ ಮೇಜಿನ ಕಣ್ಣಳತೆಯ ಹಾಸಿಗೆ. ರಕ್ತಸ್ರಾವ, ಬಿ.ಪಿ. ಇಳಿತ, ಪ್ಲೇಟ್‌ಲೆಟ್ ಕುಸಿತ ಇವನ್ನು ನೋಡುತ್ತಿರಬೇಕು. ಸೀತಾಳೆ ಸಿಡುಬು ಗಾಳಿಯಲ್ಲಿ ಹರಡುತ್ತದೆ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಆ ರೋಗಿಗೆ ಒಂಟಿ ಕೋಣೆಯೇ ಬೇಕು, ಒಳಹೋಗುವವರು ಹಿಂದೆ ಆ ರೋಗ ಬಂದವರೋ ಲಸಿಕೆ ಆದವರೋ ಆಗಿರಬೇಕು. ದಡಾರವೂ ಹಾಗೇ, ದದ್ದು ಎದ್ದ ಮೇಲೆ ನಾಲ್ಕು ದಿನ.

ಮಂಗನ ಕಾಯಿಲೆಯ ರೋಗಿ ಬಂದಾಗ ಮಾಡಬೇಕಾದ ಬೇರೆ ಕೆಲಸಗಳಿವೆ, ಅವು ಇಲ್ಲಿ ಚೆನ್ನಾಗಿ ನಡೆಯುತ್ತವೆ. ದರಕು (ಉದುರಿದ ಒಣ ಎಲೆ) ತರಲು, ಸೊಪ್ಪು ಕಡಿಯಲು ಬೆಟ್ಟಕ್ಕೆ ಹೋದ ಬಟ್ಟೆಯಲ್ಲೇ ಬರುವವರು ಹೆಚ್ಚು. ಬಟ್ಟೆಯನ್ನು ಬಾಗಿಲ ಹೊರಗೇ ಬದಲಿಸಿ, ಚೀಲದಲ್ಲಿ ಕಟ್ಟಿ, ಬಿಸಿನೀರಿಗೆ ಹಾಕುತ್ತಾರೆ. ಕಿವಿಯ ಹಿಂದೆ, ಕೂದಲಿನ ಬುಡ, ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ ನೋಡುತ್ತಾರೆ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕನ್ನಡಕವೂ ಟಾರ್ಚೂ ಬೇಕು. ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ತಿರುಚಬಾರದು, ಉಗುರಿನಲ್ಲಿ ಹಿಸುಕಿ ಕೊಲ್ಲಬಾರದು, ಸ್ಪಿರಿಟ್‌ಗೆ ಹಾಕಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಡೈಕ್ಲೋಫಿನಾಕ್ ಜಾತಿಯವು ಮತ್ತು ಸೊಂಟದ ಇಂಜೆಕ್ಷನ್ ಬೇಡ, ರಕ್ತ ಸೋರುವ ಅಪಾಯವಿದೆ. ವೈರಸ್ಸಿನ ಅಪಾಯ ರೋಗಿಯ ಹಾಸಿಗೆಗಿಂತ ಅವರ ರಕ್ತದ ಟ್ಯೂಬಿನಲ್ಲಿ ಹೆಚ್ಚು. ಟ್ಯೂಬು, ಅದರ ಸುತ್ತ ಹತ್ತಿ, ಸೋರದ ಡಬ್ಬಿ, ಹೊರಗೆ ಗಟ್ಟಿ ಪೆಟ್ಟಿಗೆ, ಐಸ್ ಪ್ಯಾಕ್. ಹೀಗೆ ಮೂರು ಪದರದಲ್ಲಿ ಕಳಿಸುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ನಂತರ ತಲೆನೋವು, ಕುತ್ತಿಗೆ ಬಿಗಿತ, ನಡುಕದ ಜೊತೆ ಮರಳುತ್ತದೆ. ಇಲ್ಲಿನ ಡಿಸ್ಚಾರ್ಜ್ ಚೀಟಿಯಲ್ಲಿ ಆ ಮಾತು ಇಲ್ಲ. ಕನ್ನಡದಲ್ಲಿ ಎರಡು ಸಾಲು ಅಚ್ಚು ಹಾಕಿಸಿದರೆ ಆಗುವ ಕೆಲಸ.

ಇಲಿ ಜ್ವರದ ರೋಗಿಗೂ ಒಂಟಿ ಕೋಣೆ ಬೇಡ, ಮೂತ್ರ ಮುಟ್ಟುವಾಗ ಕೈಗವಸು ಸಾಕು. ಡೆಂಗಿಯವರಿಗೆ ಹಗಲೂ ಸೊಳ್ಳೆ ಪರದೆ, ಏಕೆಂದರೆ ಆ ಸೊಳ್ಳೆ ಹಗಲು ಕಚ್ಚುತ್ತದೆ. ಕ್ಷಯದ ರೋಗಿಗೆ ಸರ್ಜಿಕಲ್ ಮಾಸ್ಕ್, ಒಳಹೋಗುವವರಿಗೆ ಎನ್-95. ಕಫ ತೆಗೆಯುವುದು ಬಯಲಿನಲ್ಲಿ, ಶೌಚಾಲಯದ ಒಳಗೆ ಅಲ್ಲ. ಗಂಟಲುಮಾರಿಗೆ (ಡಿಫ್ತೀರಿಯಾ) ಕೆಮ್ಮು ಸೀನಿನ ಹನಿ ತಾಗದಂತೆ ಎಚ್ಚರ, ಒಂದು ದಿನದ ಅಂತರದ ಎರಡು ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ನೆಗೆಟಿವ್ ಬರುವ ತನಕ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದರೆ ರಾತ್ರಿ ಪಾಳಿಯ ಸಿಸ್ಟರ್‌ಗೆ ಡಾಕ್ಟರನ್ನು ಎಬ್ಬಿಸದೆ ಹಾಸಿಗೆ ಕೊಡಲು ಬರುತ್ತದೆ. ಈಗ ಹಾಸಿಗೆ ಕೊಡುವುದು ಖಾಲಿ ಇರುವುದನ್ನು ನೋಡಿ.

ಈಗ ಬ್ಲೀಚಿಂಗ್ ಪುಡಿ. ಇಡೀ ವಿಭಾಗದಲ್ಲಿ ಅತಿ ಅಗ್ಗದ ವಸ್ತು, ಅತಿ ಹೆಚ್ಚು ನಂಬಿದ ವಸ್ತು, ಮಳೆಗಾಲದಲ್ಲಿ ಸದ್ದಿಲ್ಲದೆ ಸಾಯುವ ವಸ್ತು. ಹೊಸ ಪುಡಿಯಲ್ಲಿ ಸುಮಾರು ಶೇ 33 ಕ್ಲೋರಿನ್ ಇರುತ್ತದೆ. ಲೀಟರಿಗೆ 30 ಗ್ರಾಂ ಹಾಕಿದರೆ ಶೇ 1ರ ದ್ರಾವಣ. ಗೋಡೆಯ ಮೇಲಿನ ಹಾಳೆಯಲ್ಲಿ ಹಾಗೇ ಬರೆದಿದೆ, ಚಮಚದ ಅಳತೆಯೂ ಇದೆ. ಆದರೆ 25 ಕಿಲೋದ ಚೀಲ ಮೇ ತಿಂಗಳಲ್ಲಿ ತೆರೆದದ್ದು, ಸ್ನಾನದ ಕೋಣೆಯ ಪಕ್ಕದ ಗೂಡಿನಲ್ಲಿ ಬಾಯಿ ಮಡಚಿ ಇಟ್ಟದ್ದು, ಆಗಸ್ಟ್‌ನಲ್ಲಿ ಗಂಟುಗಂಟಾಗಿತ್ತು. ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಹಾಗಾಗಿ ಚೆನ್ನಾಗಿದೆ ಎಂದು ನಂಬಿದ್ದರು. ವಾಸನೆ ಬರುವುದು ಕ್ಲೋರಿನ್ ಹೊರಹೋಗುತ್ತಿರುವುದಕ್ಕೆ ಸಾಕ್ಷಿ. ಪುಡಿ ಶೇ 20ಕ್ಕೆ ಇಳಿದಿದ್ದರೆ ಅದೇ 30 ಗ್ರಾಂ ಕೊಡುವುದು ಶೇ 0.6 ಮಾತ್ರ; ಶೇ 1 ಬೇಕಾದರೆ 50 ಗ್ರಾಂ ಬೇಕು. ಎಷ್ಟಕ್ಕೆ ಇಳಿದಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಹೆಚ್ಚಿನ ಕ್ಲೋರಿನ್ ಅಳೆಯುವ ಪಟ್ಟಿ ಅದ್ದಿ ನೋಡಬೇಕು. ಆ ಪಟ್ಟಿ ಇಲ್ಲಿ ಇಲ್ಲ.

ಘಟ್ಟದ ಮೇಲಾಗಲಿ ಕಾರವಾರದ ಕಡಲ ಅಂಚಿನಲ್ಲಾಗಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೊಡ್ಡ ಚೀಲ ಕೊಳ್ಳಲೇಬಾರದು. ಒಂದು ಕಿಲೋದ ಮೊಹರಾದ ಪೊಟ್ಟಣ ಕೊಂಡು, ತೆರೆದದ್ದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತೆರೆದ ತಾರೀಕು ಬರೆದು, ವಾರದಲ್ಲಿ ಮುಗಿಸುವುದು ಒಳ್ಳೆಯದು. ತಗಡಿನ ಡಬ್ಬಿ ಬೇಡ, ತುಕ್ಕು ತಿನ್ನುತ್ತದೆ. ದ್ರಾವಣವನ್ನು ದಿನಾ ಬೆಳಿಗ್ಗೆ ಹೊಸದಾಗಿ ಮಾಡಿ, ಅರ್ಧ ಗಂಟೆ ಕೆಳಗಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮುಚ್ಚಳವಿರುವ ಬಕೆಟ್ಟಿಗೆ ಬಗ್ಗಿಸಬೇಕು. ಪುಡಿಯ ಬದಲು ಶೇ 5ರ ದ್ರವ ಹೈಪೋಕ್ಲೋರೈಟ್ (ದ್ರವ ರೂಪದ ಬ್ಲೀಚ್) ಆದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ ಶೇ 1, ಒಂಬತ್ತು ಪಾಲು ಹಾಕಿದರೆ ಶೇ 0.5. ದ್ರವವೂ ಬಿಸಿಲಿಗೆ, ಸೆಕೆಗೆ ಶಕ್ತಿ ಕಳೆದುಕೊಳ್ಳುತ್ತದೆ, ಕ್ಯಾನಿನ ಮೇಲೆ ತಯಾರಾದ ತಿಂಗಳು ನೋಡದೆ ಕೊಳ್ಳಬಾರದು.

ಬಳಸುವ ಕ್ರಮದಲ್ಲೂ ಒಂದು ತಪ್ಪು. ರಕ್ತ, ವಾಂತಿ ಬಿದ್ದ ಕಡೆ ನೇರ ದ್ರಾವಣ ಸುರಿದು ತಕ್ಷಣ ಒರೆಸುತ್ತಾರೆ. ಕೊಳೆಯೇ ಕ್ಲೋರಿನ್ ತಿಂದು ಮುಗಿಸುತ್ತದೆ, ರೋಗಾಣುವಿಗೆ ಏನೂ ಉಳಿಯುವುದಿಲ್ಲ. ಕೈಗವಸು ಹಾಕಿ ಹಳೆಬಟ್ಟೆ ಅಥವಾ ಕಾಗದದಿಂದ ಮುಚ್ಚಿ, ಅದರ ಮೇಲೆ ಶೇ 1ರ ದ್ರಾವಣ ಹಾಕಿ, ಹತ್ತು ನಿಮಿಷವಾದರೂ ಬಿಟ್ಟು, ಎತ್ತಿ ಸೋಂಕಿನ ಕಸದ ಹಳದಿ ಚೀಲಕ್ಕೆ ಹಾಕಿ, ಆಮೇಲೆ ಸೋಪಿನ ನೀರು, ಕೊನೆಗೆ ಮತ್ತೆ ದ್ರಾವಣ. ಮಂಚದ ಕಬ್ಬಿಣಕ್ಕೆ ಹಚ್ಚಿದರೆ ಹತ್ತು ನಿಮಿಷದ ನಂತರ ಬರೀ ನೀರಿನಲ್ಲಿ ಒರೆಸಬೇಕು. ಇಲ್ಲಿನ ಮಂಚದ ಕಾಲುಗಳು ಹಕ್ಕಳೆ ಎದ್ದು ನಿಂತಿವೆ. ಹಕ್ಕಳೆ ಎದ್ದ ಕಬ್ಬಿಣವನ್ನು ಯಾವ ದ್ರಾವಣದಿಂದಲೂ ಶುಚಿ ಮಾಡಲಾಗದು. ಬಚ್ಚಲಿನ ಆಸಿಡ್ಡಿನ ಬಾಟಲಿಯನ್ನು ಇದೇ ಗೂಡಿನಲ್ಲಿ ಇಟ್ಟದ್ದು ಅಪಾಯ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಬಚ್ಚಲಿನಲ್ಲಿ ಆಯಾಗೆ ಉಸಿರು ಕಟ್ಟುತ್ತದೆ. ಆ ಬಾಟಲಿ ಅವತ್ತೇ ಬೇರೆ ಕಡೆ ಹೋಗಬೇಕಿತ್ತು.

ವಾಂತಿಭೇದಿಗೆ ತಯಾರಿ ಅರ್ಧಂಬರ್ಧ. ನಡುವೆ ರಂಧ್ರವಿರುವ ಎರಡು ಕ್ಯಾನ್ವಾಸ್ ಮಂಚ, ಕೆಳಗೆ ಲೀಟರ್ ಗುರುತಿನ ಬಕೆಟ್, ಬಕೆಟ್ ತಳಕ್ಕೆ ಶೇ 2ರ ಕ್ಲೋರಿನ್ ದ್ರಾವಣ ಹಾಕುವ ಅಭ್ಯಾಸ ಎಲ್ಲ ಇವೆ. ಹೋದ ನೀರನ್ನು ಅಳೆದು ಅಷ್ಟನ್ನು ತುಂಬಿಸುವುದೇ ಕಾಲರಾದ ಚಿಕಿತ್ಸೆಯ ಜೀವ, ಬಕೆಟ್ಟಿನ ಗುರುತು ಅದಕ್ಕೇ ಇರುವುದು. ಆದರೆ ರಿಂಗರ್ ಲ್ಯಾಕ್ಟೇಟ್ (ರಕ್ತನಾಳಕ್ಕೆ ಏರಿಸುವ ಲವಣದ ದ್ರಾವಣ) ದಾಸ್ತಾನು 20 ಬಾಟಲಿ. ತೀವ್ರ ನಿರ್ಜಲತೆಯಾದ 50 ಕಿಲೋ ತೂಕದ ಒಬ್ಬರಿಗೆ ಮೊದಲ ಅರ್ಧ ಗಂಟೆಯಲ್ಲಿ ಕಿಲೋಗೆ 30 ಮಿ.ಲೀ., ಮುಂದಿನ ಎರಡೂವರೆ ಗಂಟೆಯಲ್ಲಿ 70 ಮಿ.ಲೀ. ಹೋಗಬೇಕು. ಮೂರು ಗಂಟೆಯಲ್ಲಿ 5 ಲೀಟರ್, ಅಂದರೆ ಅರ್ಧ ಲೀಟರಿನ ಹತ್ತು ಬಾಟಲಿ. 20 ಬಾಟಲಿ ಇಬ್ಬರಿಗೆ ಮುಗಿಯುತ್ತದೆ, ವಾಂತಿಭೇದಿ ಮನೆಯಲ್ಲಿ ಇಬ್ಬರಿಗೇ ನಿಲ್ಲುವುದು ಅಪರೂಪ. ಓಆರ್‌ಎಸ್ ಪೊಟ್ಟಣ ಬೇಕಾದಷ್ಟಿದೆ, ಲೀಟರಿನ ಅಳತೆ ಪಾತ್ರೆಯೂ ಇದೆ. ಕೈಗೆ ಸ್ಯಾನಿಟೈಸರ್ ಮಾತ್ರ ಇಟ್ಟಿರುವುದು ಸಾಲದು. ಭೇದಿಯ ಕೆಲವು ರೋಗಾಣುಗಳಿಗೆ ಆಲ್ಕೋಹಾಲ್ ಸಾಕಾಗುವುದಿಲ್ಲ, ಆ ಮಂಚಗಳ ಹತ್ತಿರ ಸೋಪು, ಮೊಣಕೈಯಿಂದ ತಿರುಗುವ ನಲ್ಲಿ ಬೇಕು.

ಬಟ್ಟೆ ಒಗೆಯುವುದರಲ್ಲಿ ತೊಂದರೆ ಇಲ್ಲ, ಒಣಗಿಸುವುದರಲ್ಲಿ ಇದೆ. ಹಾಸಿಗೆಗೆ ಐದು ಜೊತೆ ಹೊದಿಕೆ ಇಟ್ಟಿದ್ದಾರೆ, ಬೇಸಿಗೆಗೆ ಸಾಕು. ಜುಲೈಯಲ್ಲಿ ಹಗ್ಗದ ಮೇಲೆ ಮೂರು ದಿನ ನೇತಾಡಿ ಮುಗ್ಗಲು ವಾಸನೆ ಬಂದ ಹೊದಿಕೆಯನ್ನೇ ಹಾಸಿದ್ದು ಕಂಡಿತು. ಎಂಟು ಜೊತೆ ಮಾಡಬೇಕು. ಅಡಿಕೆ ಒಣಗಿಸುವ ಡ್ರೈಯರ್ ಮನೆ ಈ ಸೀಮೆಯವರಿಗೆ ಹೊಸದೇನಲ್ಲ. ಅದೇ ತತ್ವದಲ್ಲಿ, ಹೊಗೆ ತಾಗದ ಬಿಸಿಗಾಳಿಯ ಸಣ್ಣ ಕೋಣೆಯೊಂದು ಬಾಯ್ಲರ್ ಪಕ್ಕ ಆಗಬಹುದು. ಮಾಸ್ಕಿನದೂ ಇದೇ ಕಥೆ. ಒದ್ದೆಯಾದ ಎನ್-95 ಕೆಲಸಕ್ಕೆ ಬಾರದು, ಪೆಟ್ಟಿಗೆಗಳನ್ನು ನೆಲದಿಂದ ಎತ್ತರದ ಗೂಡಿನಲ್ಲಿ ಇಡಬೇಕು.

ತ್ಯಾಜ್ಯ ಅಚ್ಚುಕಟ್ಟು: ಹಳದಿ, ಕೆಂಪು, ಸೂಜಿ ಚುಚ್ಚಿ ತೂತಾಗದ ಬಿಳಿ ಡಬ್ಬಿ, ನೀಲಿ ಪೆಟ್ಟಿಗೆ, ಬಾರ್‌ಕೋಡ್. ತ್ಯಾಜ್ಯ ಇಟ್ಟುಕೊಳ್ಳಲು 2016ರ ವೈದ್ಯಕೀಯ ತ್ಯಾಜ್ಯ ನಿಯಮ ಹಾಕಿದ 48 ಗಂಟೆಯ ಮಿತಿ ಮೀರಿದ್ದು ಗಾಡಿ ಬಾರದ ಮಳೆಯ ದಿನಗಳಲ್ಲಿ ಮಾತ್ರ. ನೀರು: ನೂರು ಹಾಸಿಗೆಯೊಳಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್ ಎಂಬುದು ಲೆಕ್ಕ, ಹತ್ತಕ್ಕೆ 3,400. ಟ್ಯಾಂಕ್ 5,000 ಲೀಟರಿನದು. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಟ್ಯಾಂಕರ್ ಎಂಬ ಉತ್ತರ ಬಂತು.

ಆಮ್ಲಜನಕ ಮತ್ತು ಸಾಗಣೆಯ ಬಗ್ಗೆ ಈ ಜಿಲ್ಲೆಯಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಎಂದರೆ ಹುಬ್ಬಳ್ಳಿ, ಮಣಿಪಾಲ, ಗೋವಾ. 2020ರಲ್ಲಿ ಭಟ್ಕಳದ ಮೊದಲ ಕೋವಿಡ್ ರೋಗಿಗಳನ್ನು ಕಾರವಾರದ ನೌಕಾದಳದ ಪತಂಜಲಿ ಆಸ್ಪತ್ರೆ ಸೇರಿಸಿಕೊಳ್ಳಬೇಕಾಯಿತು. ಇಲ್ಲಿ ಡಿ ಮಾದರಿಯ ನಾಲ್ಕು ದೊಡ್ಡ ಸಿಲಿಂಡರ್ ಇವೆ. ಒಂದರಲ್ಲಿ 7,000 ಲೀಟರ್. ನಾಲ್ವರು ನಿಮಿಷಕ್ಕೆ 5 ಲೀಟರ್ ತೆಗೆದುಕೊಂಡರೆ ಒಂದು ಸಿಲಿಂಡರ್ 5 ಗಂಟೆ 50 ನಿಮಿಷ ಬರುತ್ತದೆ, ನಾಲ್ಕೂ ಸೇರಿ ಒಂದು ದಿನಕ್ಕೆ ಸ್ವಲ್ಪ ಕಡಿಮೆ. ಗಾಳಿಯಿಂದ ಆಮ್ಲಜನಕ ತೆಗೆಯುವ ಕಾನ್ಸಂಟ್ರೇಟರ್‌ಗಳು ಕರೆಂಟ್ ಇದ್ದರೆ ಮಾತ್ರ, ಜನರೇಟರ್ ಬೀಗದ ಕೈ ರಾತ್ರಿ ಯಾರ ಹತ್ತಿರ ಇರುತ್ತದೆ ಎಂಬುದು ಗೋಡೆಯ ಮೇಲೆ ಬರೆದಿರಬೇಕು. ಆಂಬುಲೆನ್ಸ್‌ನಲ್ಲಿರುವುದು ಬಿ ಮಾದರಿಯ ಒಂದೇ ಸಿಲಿಂಡರ್, 1,500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು ಎರಡೂವರೆ ಗಂಟೆ. ಹುಬ್ಬಳ್ಳಿಗೆ ಒಳ್ಳೆಯ ದಿನ ಹಿಡಿಯುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ದಾರಿಯಲ್ಲಿ ಮರ ಬಿದ್ದರೆ ಅಥವಾ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಆದಂತೆ ಗುಡ್ಡವೇ ಹೆದ್ದಾರಿಯ ಮೇಲೆ ಬಂದರೆ ಆ ಲೆಕ್ಕ ಎಲ್ಲಿ ನಿಲ್ಲುತ್ತದೆ? ಎರಡನೆಯ ಬಿ ಸಿಲಿಂಡರ್ ಗಾಡಿಯಲ್ಲಿ ಇರಲೇಬೇಕು. ಹೊರಡುವ ಮೊದಲು ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಯಾವ ರೋಗದ ಅನುಮಾನ, ಯಾವ ಎಚ್ಚರ ಬೇಕು ಎಂದು ಹೇಳುವ ಪದ್ಧತಿ ಮಾತ್ರ ಇಲ್ಲಿ ತಪ್ಪದೆ ನಡೆಯುತ್ತದೆ.

ಸಿಬ್ಬಂದಿಯ ಬಗ್ಗೆ: ಪಾಳಿಗೆ ಇಬ್ಬರು ಸಿಸ್ಟರ್, ಒಬ್ಬ ಆಯಾ. ಗವಸು, ಗೌನ್, ಕನ್ನಡಕ ತೆಗೆಯುವ ಕ್ರಮ ಎಲ್ಲರಿಗೂ ಬಾಯಿಪಾಠ, ಪ್ರತಿ ಹಂತಕ್ಕೂ ಕೈ ಶುಚಿ, ಮಾಸ್ಕ್ ಮಾತ್ರ ಕೋಣೆಯಿಂದ ಹೊರಬಂದು ಬಾಗಿಲು ಹಾಕಿದ ಮೇಲೆ. ಆಯಾಗೂ ಅಷ್ಟೇ ಚೆನ್ನಾಗಿ ಕಲಿಸಿದ್ದಾರೆ, ಇದು ಅಪರೂಪ. ಎಷ್ಟೋ ಕಡೆ ಡಾಕ್ಟರಿಗೆ ಎನ್-95, ಬಚ್ಚಲು ತೊಳೆಯುವವರಿಗೆ ಬಟ್ಟೆಯ ಮಾಸ್ಕ್. ಇಲ್ಲಿ ಹಾಗಿಲ್ಲ.

ಊಟ ಆಸ್ಪತ್ರೆಯದೇ, ಗಂಜಿ ಬಿಸಿಯಾಗಿ ಬರುತ್ತದೆ, ಪಾತ್ರೆ ಒಳಗೇ ತೊಳೆಯುತ್ತಾರೆ. ಜೊತೆಗಿರುವವರನ್ನು ಮಕ್ಕಳಿಗೆ, ತೀರಾ ವಯಸ್ಸಾದವರಿಗೆ ಮಾತ್ರ ಬಿಡುತ್ತಾರೆ. ಉಳಿದವರ ಮನೆಯವರಿಗೆ ಕಿಟಕಿಯಿಂದ ಎರಡು ಮೀಟರ್ ದೂರದಲ್ಲಿ ಕಲ್ಲಿನ ಬೆಂಚು ಹಾಕಿಸಿದ್ದಾರೆ. ಅದನ್ನು ಪಶ್ಚಿಮದ ಬದಿಗೆ ಹಾಕಿದ್ದು ಯೋಚಿಸಿಯೇ: ಮಳೆಗಾಲದ ಗಾಳಿ ಆ ಕಡೆಯಿಂದ ಒಳಬಂದು ಪೂರ್ವಕ್ಕೆ ಹೋಗುತ್ತದೆ, ರೋಗಿಯ ಉಸಿರು ಮನೆಯವರ ಮುಖಕ್ಕೆ ಬರುವುದಿಲ್ಲ. ಆದರೆ ಮಳೆ ಬರುವುದೂ ಆ ಕಡೆಯಿಂದಲೇ, ನಾಲ್ಕು ಅಡಿಯ ಸೂರು ಬೆಂಚಿನ ತನಕ ಮುಟ್ಟುವುದಿಲ್ಲ. ಜುಲೈಯಲ್ಲಿ ಮನೆಯವರು ಕೊಡೆ ಹಿಡಿದು, ಕಾಲು ಮೇಲಕ್ಕೆತ್ತಿಕೊಂಡು ಕೂತು ಒಳಗಿನವರ ಜೊತೆ ಮಾತಾಡುತ್ತಾರೆ. ಬೆಂಚನ್ನು ಪೂರ್ವಕ್ಕೆ ಸರಿಸುವುದು ಬೇಡ. ಅದರ ಮೇಲೆ, ಗೋಡೆಗೆ ತಾಗದಂತೆ, ನಾಲ್ಕು ಕಂಬದ ಒಂದು ಮಾಡು ಬೇಕು.